ಒಲೆಯ ಗೋಡೆಯ ಕರಿ

ಹಡಗುಕಟ್ಟೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಇಂಜಿನಿಯರ್ ಸಾಹೇಬರ ತನಕ ಎಲ್ಲರಿಗೂ ಅವನು ಮಿಲ್ಲಿ. ಮಿಲ್ಲಿಮೀಟರಿನ ಮಿಲ್ಲಿ. ಬಟ್ಟೆ ಅಂಗಡಿಯವನು ‘ಅಳತೆಗಿಂತ ಸ್ವಲ್ಪ ಹೆಚ್ಚೇ ಹಾಕಿದ್ದೀನಿ, ತಗೊಳ್ಳಿ’ ಎಂದರೆ ನಾವೆಲ್ಲ ಖುಷಿಯಿಂದ ಕಂಕುಳಲ್ಲಿಟ್ಟುಕೊಂಡು ಬರುತ್ತೇವೆ. ಇವನು ‘ಎಷ್ಟು ಹೆಚ್ಚು?’ ಎಂದು ಕೇಳಿ ಆ ಬಡಪಾಯಿಯ ಮುಖ ಕೆಡಿಸುತ್ತಿದ್ದ. ಹೆಂಡತಿ ಹೊಸ ಸೀರೆ ಉಟ್ಟು ‘ಹೇಗಿದೆ?’ ಎಂದರೆ ‘ಹಿಂದೆ ಎರಡು ಬೆರಳು ಕೆಳಗಿದೆ’ ಎನ್ನುವ ಆಸಾಮಿ. ಮಾತು ಕಡಿಮೆ, ಆಡಿದರೆ ಕಡ್ಡಿ ತುಂಡು ಮಾಡಿದ ಹಾಗೆ. ಕೆಟ್ಟವನಲ್ಲ. ಅವನ ಬಾಯಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವುದೊಂದೇ ಗೊತ್ತಿತ್ತು, ಅಷ್ಟೇ.

ಅವನ ಕೆಲಸಕ್ಕೆ ಇಂಥ ಬಾಯಿಯೇ ಬೇಕಾಗಿತ್ತು. ಯುದ್ಧದ ಹಡಗಿನ ಮುಂದಿನ ಡೆಕ್ಕಿನ ಕೆಳಗೆ ಎಂಟು ಉದ್ದನೆಯ ಗೂಡುಗಳಲ್ಲಿ ಎಂಟು ಕ್ಷಿಪಣಿಗಳು ನೆಟ್ಟಗೆ ನಿಂತಿರುತ್ತವೆ. ಕ್ಷಿಪಣಿ ಮೇಲೆ ಹಾರುವುದನ್ನು ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅದು ಹಿಂದೆ ಕಾರುವ ಬೆಂಕಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಬೆಂಕಿ ಮೊದಲು ಕೆಳಕ್ಕೆ ಹೋಗುತ್ತದೆ. ಗೂಡುಗಳ ಬುಡದಲ್ಲಿ ಒಂದು ಉಕ್ಕಿನ ಪೆಟ್ಟಿಗೆಯಿದೆ. ಬೆಂಕಿ ಅದರೊಳಗೆ ಧುಮುಕಿ, ತಿರುಗಿ, ಎರಡು ಸಾಲು ಗೂಡುಗಳ ನಡುವಿನ ಕಿರಿದಾದ ದಾರಿ ಹಿಡಿದು ಮೇಲೇರಿ ಆಕಾಶಕ್ಕೆ ಹೋಗುತ್ತದೆ. ಕೆಲಸದವರ ಬಾಯಲ್ಲಿ ಕೆಳಗಿನ ಪೆಟ್ಟಿಗೆ ಒಲೆ, ಮೇಲಿನ ದಾರಿ ಹೊಗೆಗೂಡು. ಎಲ್ಲ ಸೇರಿ ಮೂರು ಸೆಕೆಂಡಿನ ಮಾತು. ಆದರೆ ಆ ಮೂರು ಸೆಕೆಂಡಿನಲ್ಲಿ ಬರಿಯ ಉಕ್ಕಾದರೆ ಬೆಣ್ಣೆಯಂತೆ ಕರಗಿಹೋಗುತ್ತದೆ. ಪಕ್ಕದ ಗೂಡುಗಳಲ್ಲಿ ಇನ್ನೂ ಏಳು ಕ್ಷಿಪಣಿಗಳಿರುತ್ತವೆ. ಒಲೆಯ ಆಚೆ ಬದಿಗೆ ಇಪ್ಪತ್ತು ಮಂದಿ ಮಲಗುವ ಕೋಣೆಯಿದೆ.

ಅದಕ್ಕೇ ಒಲೆಯ ಒಳಗೋಡೆಗೆ ಬೆರಳು ದಪ್ಪದ ಕಂದು ಲೇಪ. ಅದು ತಾನು ಉರಿದು, ಸವೆದು, ಹಿಂದಿನ ಉಕ್ಕನ್ನು ಉಳಿಸುತ್ತದೆ. ಉರಿದ ಮೇಲೆ ಅದರ ಮೇಲ್ಪದರ ಕರಕಲಾಗಿ ಅಲ್ಲೇ ನಿಲ್ಲುತ್ತದೆ. ನೋಡಲು ಅಸಹ್ಯ, ಸುಟ್ಟ ರೊಟ್ಟಿಯ ತಳದ ಹಾಗೆ. ಆದರೆ ಮುಂದಿನ ಬೆಂಕಿಗೆ ಮೊದಲು ಎದೆ ಕೊಡುವುದು ಆ ಕರಿ ಪೊರೆಯೇ. ಕರಿಯ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಬೂದಿ ಕೂತಿರುತ್ತದೆ. ಅದರಲ್ಲಿ ಆಮ್ಲವಿದೆ, ಬಿಟ್ಟರೆ ಸಂದುಗಳಲ್ಲಿ ಇಳಿದು ಉಕ್ಕನ್ನು ತಿನ್ನುತ್ತದೆ. ಬಿಳಿಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಬೇಕು, ಕರಿಗೆ ಕೈ ಹಚ್ಚಬಾರದು. ಆಮೇಲೆ ಸೂಜಿಯಂಥ ಗೇಜಿನಿಂದ ಚುಚ್ಚಿ ಚುಚ್ಚಿ ನೂರಾ ಇಪ್ಪತ್ತು ಕಡೆ ದಪ್ಪ ಅಳೆದು ಬರೆಯಬೇಕು. ಒಂಬತ್ತು ಮಿಲ್ಲಿಗಿಂತ ಕಡಿಮೆ ಬಂದರೆ ಆ ಒಲೆಯ ಮೇಲೆ ಕ್ಷಿಪಣಿ ಹಾರಿಸುವ ಹಾಗಿಲ್ಲ. ಇಪ್ಪತ್ತೊಂಬತ್ತು ವರ್ಷ ಮಿಲ್ಲಿ ಮಾಡಿದ್ದು ಇಷ್ಟನ್ನೇ. ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗುವುದು, ಅಂಗಾತ ಮಲಗುವುದು, ಒರೆಸುವುದು, ಅಳೆಯುವುದು, ಸಂಜೆ ಮೂಗಿನ ಹೊಳ್ಳೆ ತನಕ ಮಸಿ ಹಚ್ಚಿಕೊಂಡು ಮನೆಗೆ ಬರುವುದು.

ಇಂಥವನಿಗೂ ಒಬ್ಬ ಗೆಳೆಯನಿದ್ದ. ಹಡಗಿನ ಹೊರಮೈಗೆ ಬಣ್ಣ ಹೊಡೆಯುವ ತಂಡದವನು. ಮಿಲ್ಲಿಗಿಂತ ಎರಡು ವರ್ಷ ದೊಡ್ಡವನು, ಅದಕ್ಕೆ ಬಣ್ಣದಣ್ಣ. ಅವನ ಬಾಯಿ ಮಿಲ್ಲಿಯ ಬಾಯಿಗೆ ತದ್ವಿರುದ್ಧ. ದಿನಕ್ಕೆ ನೂರು ಮಾತಾಡಿದರೆ ಎಪ್ಪತ್ತು ಬರೀ ಬೊಗಳೆ, ಆದರೆ ಒಂದೂ ಯಾರಿಗೂ ನೋಯುವಂಥದ್ದಲ್ಲ. ಇಪ್ಪತ್ತು ವರ್ಷ ಇಬ್ಬರೂ ಮಧ್ಯಾಹ್ನ ಅದೇ ಕಲ್ಲುಕಟ್ಟೆಯ ಮೇಲೆ ಕೂತು, ಒಬ್ಬನ ಡಬ್ಬಿಗೆ ಇನ್ನೊಬ್ಬ ಕೈ ಹಾಕಿ ಉಂಡರು. ಬಣ್ಣದಣ್ಣ ಮಾತಾಡುತ್ತಿದ್ದ, ಮಿಲ್ಲಿ ತಲೆಯಾಡಿಸುತ್ತಿದ್ದ. ಆ ಇಪ್ಪತ್ತು ವರ್ಷದಲ್ಲಿ ಒಲೆಯ ಗೋಡೆಯ ಕರಿ ಯಾಕಿರಬೇಕು ಎನ್ನುವುದನ್ನು ಮಿಲ್ಲಿ ಒಂದು ದಿನವೂ ಅವನಿಗೆ ಬಿಡಿಸಿ ಹೇಳಲಿಲ್ಲ. ಅವನು ಕೇಳಲಿಲ್ಲ, ಇವನು ಹೇಳಲಿಲ್ಲ.

ಮಿಲ್ಲಿಯ ಹೆಂಡತಿಗೆ ಹೊಟ್ಟೆಯಲ್ಲಿ ಗಂಟಾಗಿ, ಅದು ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಆಸ್ಪತ್ರೆಯ ನಾಲ್ಕನೆಯ ಮಹಡಿ, ಕಿಟಕಿಯ ಪಕ್ಕದ ಹಾಸಿಗೆ. ಡಾಕ್ಟರು ಮಿಲ್ಲಿಯನ್ನು ಹೊರಗೆ ಕರೆದು, ಗೋಡೆಯ ಕಡೆ ನೋಡುತ್ತ, ಹೆಚ್ಚೆಂದರೆ ಹತ್ತು ದಿನ ಎಂದಿದ್ದರು. ಅವನು ಒಳಗೆ ಬಂದು ಸ್ಟೂಲಿನ ಮೇಲೆ ಕೂತ.

“ರೀ, ನಾನು ಮನೆಗೆ ಬರ್ತೀನಲ್ವಾ?” ಎಂದಳು ಅವಳು.

“ಹತ್ತು ದಿನ ಅಂದ್ರು ಡಾಕ್ಟ್ರು.”

“ಬರ್ತೀಯ ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?” ಎಂದು ಮುಖ ಕಿಟಕಿಯ ಕಡೆ ತಿರುಗಿಸಿದಳು.

ಅದೇ ಹೊತ್ತಿಗೆ ಬಣ್ಣದಣ್ಣ ಕಾಫಿಯ ಫ್ಲಾಸ್ಕು ಹಿಡಿದು ಬಂದ. ಇಬ್ಬರ ಮುಖ ನೋಡಿದ ಕೂಡಲೇ ಅವನಿಗೆ ಏನಾಗಿದೆ ಎಂದು ತಿಳಿಯಿತು. “ಇವನ ಮಾತು ಏನು ಕೇಳ್ತೀಯಮ್ಮ, ಇವನಿಗೆ ಅಳತೆ ಬಿಟ್ರೆ ಏನು ಗೊತ್ತು? ಅಡಿಗೆಮನೆ ಗೋಡೆ ಕರೀ ಹಿಡಿದು ಕೂತಿದೆ ಅಂತ ವರ್ಷದಿಂದ ಬೈತಿದ್ದೆಯಲ್ಲ. ನೀನು ಬರೋಷ್ಟ್ರಲ್ಲಿ ಉಜ್ಜಿ ಬಣ್ಣ ಹೊಡೆದಿಡ್ತೀನಿ. ಯಾವ ಬಣ್ಣ ಬೇಕು ಹೇಳು.”

“ತಿಳಿ ಹಸಿರು,” ಎಂದಳು ಅವಳು. ಅವಳ ಮುಖ ಇತ್ತ ತಿರುಗಿತು. ಮಿಲ್ಲಿ ಅದನ್ನು ನೋಡಿದ. ತನ್ನ ಕೈಯಲ್ಲಿ ಆಗದ್ದು ಇವನ ಕೈಯಲ್ಲಿ ಎಷ್ಟು ಸಲೀಸಾಗಿ ಆಯಿತಲ್ಲ ಎಂದು ಅವನಿಗೆ ನೋವಾಯಿತು, ಉಪಕಾರವೂ ಅನ್ನಿಸಿತು.

ಬಣ್ಣದಣ್ಣ ಬೀಗದ ಕೈ ಇಸಕೊಂಡು ಹೋಗಿ, ಹೇಳಿದಂತೆಯೇ ಅಡಿಗೆಮನೆಯ ಕರಿಯನ್ನೆಲ್ಲ ಉಜ್ಜಿ ತಿಳಿ ಹಸಿರು ಹೊಡೆದ. ಅವಳು ಅದನ್ನು ನೋಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ತೀರಿಕೊಂಡಳು. ಡಾಕ್ಟರು ಹೇಳಿದ್ದಕ್ಕಿಂತ ಒಂದು ದಿನ ಕಡಿಮೆಯಾಯಿತು ಎಂದು ಆ ಹೊತ್ತಿನಲ್ಲೂ ಮಿಲ್ಲಿಯ ತಲೆಗೆ ಹೊಳೆಯಿತಂತೆ. ಅದಕ್ಕಾಗಿ ಅವನು ತನ್ನನ್ನು ತಾನೇ ಎಷ್ಟೋ ದಿನ ಶಪಿಸಿಕೊಂಡ.

ಅತ್ತ ಬಣ್ಣದಣ್ಣ ಸುಮ್ಮನೆ ಕೂರುವ ಜಾತಿಯಲ್ಲ. ಹಡಗು ಹೋದ ತಿಂಗಳು ಒಂದು ಕ್ಷಿಪಣಿ ಹಾರಿಸಿ ಬಂದು ಕಟ್ಟೆಗೆ ಕಟ್ಟಿಕೊಂಡಿತ್ತು. ಇನ್ನು ಹನ್ನೊಂದು ದಿನಕ್ಕೆ ಮತ್ತೆ ಹೊರಡಬೇಕಿತ್ತು. ಹೆಂಡತಿಯನ್ನು ಕಳೆದುಕೊಂಡು ಬರುವ ಗೆಳೆಯ ಮೊದಲ ದಿನವೇ ಆ ಕರಿ ಪೆಟ್ಟಿಗೆಯೊಳಗೆ ತೆವಳಬೇಕಲ್ಲ ಎಂದು ಅವನಿಗೆ ಕರುಳು ಚುರುಕ್ ಎಂದಿತು. ವಾರದ ರಜೆಯ ದಿನ, ಅದಕ್ಕೆ ಇನ್ನೊಂದು ದಿನ ರಜೆ ಕೂಡಿಸಿ, ಇಪ್ಪತ್ತು ವರ್ಷದ ಪರಿಚಯದ ಮುಖ ತೋರಿಸಿ ಕಾವಲುಗಾರನಿಂದ ಬೀಗ ತೆಗೆಸಿದ. ತಂತಿ ಬ್ರಷ್ಷು, ಉಪ್ಪುಕಾಗದ, ಎರಡು ಬಕೆಟ್ಟು ನೀರು. ಬಣ್ಣದವನ ಕಣ್ಣಿಗೆ ಕರಿ ಹಿಡಿದ ಗೋಡೆಯೆಂದರೆ ಉಜ್ಜಬೇಕಾದ ಗೋಡೆ, ಬೇರೇನೂ ಅಲ್ಲ. ಒಬ್ಬನೇ ಅಂಗಾತ ಮಲಗಿ, ಕಣ್ಣಿಗೆ ಮಸಿ ಬೀಳಿಸಿಕೊಂಡು, ಎರಡು ದಿನ ಉಜ್ಜಿದ. ಇಷ್ಟು ಶ್ರದ್ಧೆಯಿಂದ ಅವನು ತನ್ನ ಸ್ವಂತ ಮನೆಯನ್ನೂ ಉಜ್ಜಿರಲಿಕ್ಕಿಲ್ಲ.

ಮಿಲ್ಲಿ ಕೆಲಸಕ್ಕೆ ಬಂದ ದಿನ ಬಣ್ಣದಣ್ಣ ಒಲೆಯ ಬಾಗಿಲ ಹತ್ತಿರವೇ ಕಾಯುತ್ತಿದ್ದ. ಒಳಗೆ ಹೋಗು ಎಂದು ಕೈ ತೋರಿಸಿದ. ಮಿಲ್ಲಿ ತೆವಳಿ ಒಳಗೆ ಹೋಗಿ ಟಾರ್ಚು ಹಾಕಿದ. ಗೋಡೆ ಬೆಳಗಿಟ್ಟ ಪಾತ್ರೆಯ ಹಾಗೆ ಕಂದು ಬಣ್ಣದಲ್ಲಿ ಹೊಳೆಯಿತು. ಒಂದು ಚುಕ್ಕೆ ಕರಿ ಇರಲಿಲ್ಲ.

“ನೋಡಿದ್ಯಾ?” ಹೊರಗಿನಿಂದ ಬಣ್ಣದಣ್ಣನ ದನಿ. “ಇವತ್ತು ನೀನು ಸುಮ್ನೆ ಅಳತೆ ಬರ್ಕೊಂಡು ಮನೆಗೆ ಹೋಗು. ಎರಡು ದಿನ ಹಿಡೀತು ಕಣೋ. ಮೂಲೆಯಲ್ಲಂತೂ ಎಂಥ ಜಿಗುಟು ಮಾರಾಯ.”

ಮಿಲ್ಲಿ ಒಳಗೇ ಅಂಗಾತ ಮಲಗಿದ. ಗೇಜು ತೆಗೆದು ಚುಚ್ಚಿದ. ಎಂಟು ಪಾಯಿಂಟ್ ಎರಡು. ಪಕ್ಕದಲ್ಲಿ ಎಂಟು. ಮೂಲೆಯಲ್ಲಿ ಏಳು ಪಾಯಿಂಟ್ ನಾಲ್ಕು. ಹೋದ ಸಲ ಹಡಗು ಹೊರಡುವ ಮೊದಲು ಇದೇ ಗೋಡೆ ಹನ್ನೆರಡಿತ್ತು. ನೂರಾ ಇಪ್ಪತ್ತು ಕಡೆ ಅಳೆಯುವ ಹೊತ್ತಿಗೆ ಮಧ್ಯಾಹ್ನವಾಯಿತು. ಬೇಕೆಂದೇ ನಿಧಾನ ಮಾಡಿದ. ಹೊರಗೆ ಹೋದರೆ ಆ ಮುಖ ನೋಡಬೇಕಿತ್ತು.

ಅಂದು ಕಲ್ಲುಕಟ್ಟೆಯ ಮೇಲೆ ಕೂತಾಗ ಬಣ್ಣದಣ್ಣ ತನ್ನ ಡಬ್ಬಿಯ ಅರ್ಧ ಊಟವನ್ನು ಅವನ ಕಡೆ ತಳ್ಳಿದ. ಮಿಲ್ಲಿ ಅದನ್ನು ಹಾಗೇ ವಾಪಸ್ ತಳ್ಳಿದ.

“ಅಣ್ಣ, ಅದನ್ನ ಉಜ್ಜಬಾರದಿತ್ತು,” ಎಂದ.

“ಯಾಕೆ?”

ಮಿಲ್ಲಿ ಹೇಳಿದ. ಇಪ್ಪತ್ತು ವರ್ಷ ಹೇಳದೇ ಇದ್ದದ್ದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದ. ಬಣ್ಣದಣ್ಣ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ. ಕೊನೆಗೆ, “ಈಗೇನು ಮಾಡೋದು?” ಎಂದು ಮಾತ್ರ ಕೇಳಿದ. ಅವನು ರಿಟೈರ್ ಆಗಲು ಒಂದೂವರೆ ವರ್ಷವಿತ್ತು.

ಮಿಲ್ಲಿ ಒಂದು ರಾತ್ರಿ ಪೂರ್ತಿ ತಿಳಿ ಹಸಿರು ಗೋಡೆಯ ಅಡಿಗೆಮನೆಯಲ್ಲಿ ಕೂತು ಯೋಚಿಸಿದ. ಅವನು ಹುಡುಕಿದ ದಾರಿ ಇದು: ಅಳತೆಯನ್ನು ಇದ್ದ ಹಾಗೆ ಬರೆಯುವುದು, ಕಾರಣದ ಸಾಲಿನಲ್ಲಿ ಬರೀ ‘ಸವೆತ’ ಎಂದು ಬರೆಯುವುದು. ಗೋಡೆಗೆ ಹೊಸ ಲೇಪ ಬೀಳುತ್ತದೆ, ಬಣ್ಣದಣ್ಣನ ತಲೆ ಉಳಿಯುತ್ತದೆ. ಮಿಲ್ಲಿಯ ಮಟ್ಟಿಗೆ ಇದು ಸುಳ್ಳಿನ ಅಂಚಿಗೇ ಹೋದ ಹಾಗೆ. ಆದರೂ ಬರೆದ.

ಇಂಜಿನಿಯರ್ ಸಾಹೇಬರು ಕಾಗದ ನೋಡಿ ಕನ್ನಡಕ ತೆಗೆದರು. “ಒಂದೇ ಸಲ ಹಾರಿಸಿದ್ದಕ್ಕೆ ಇಷ್ಟು ಸವೆದಿದೆ ಅಂದ್ರೆ ಈ ಲೇಪದ ಮಾಲೇ ಕೆಟ್ಟದ್ದು. ಇದೇ ಮಾಲು ಹಾಕಿರೋ ಇನ್ನೂ ಮೂರು ಹಡಗು ಸಮುದ್ರದಲ್ಲಿವೆ. ಎಲ್ಲಾನೂ ವಾಪಸ್ ಕರೆಸ್ಬೇಕಾಗುತ್ತೆ. ಇದು ಬರೀ ಸವೆತ ತಾನೆ, ಮಿಲ್ಲಿ? ಖಾತ್ರಿಯಾಗಿ ಹೇಳು.”

ಹೂಂ ಎಂದು ಒಂದು ಅಕ್ಷರ ಉಸುರಿದ್ದರೆ ಮುಗಿದುಹೋಗುತ್ತಿತ್ತು. ನಾನೋ ನೀವೋ ಆಗಿದ್ದರೆ ಉಸುರಿಬಿಡುತ್ತಿದ್ದೆವೇನೋ. ಮೂರು ಹಡಗು ಸುಮ್ಮನೆ ಬಂದು ಹೋದರೆ ನಮ್ಮ ಗಂಟೇನು ಹೋಗಬೇಕು? ಮಿಲ್ಲಿಯ ಬಾಯಲ್ಲಿ ಆ ಅಕ್ಷರ ಹೊರಡಲಿಲ್ಲ. ತಲೆ ತಗ್ಗಿಸಿ, “ಇಲ್ಲ ಸಾರ್, ಉಜ್ಜಿದ್ದಾರೆ,” ಎಂದ.

“ಯಾರು?”

ಹೇಳಿದ. ಜೊತೆಗೆ, “ಅವರಿಗೆ ಗೊತ್ತಿರಲಿಲ್ಲ ಸಾರ್. ಹೇಳಬೇಕಾದವನು ನಾನು, ನಾನೇ ಹೇಳಿರಲಿಲ್ಲ,” ಎಂದೂ ಹೇಳಿದ. ಸಾಹೇಬರು ಮೊದಲನೆಯದನ್ನು ಬರೆದುಕೊಂಡರು, ಎರಡನೆಯದನ್ನು ಬರೆದುಕೊಳ್ಳಲಿಲ್ಲ. ಒಲೆಯ ಬಾಗಿಲ ಮೇಲೆ ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂಬ ಹಲಗೆಯಿತ್ತು. ಅದಕ್ಕೆ ವರ್ಷ ವರ್ಷ ಬಣ್ಣ ಹೊಡೆಯುತ್ತಿದ್ದವನು ಬಣ್ಣದಣ್ಣನೇ.

ವಿಚಾರಣೆಯ ದಿನ ಬಣ್ಣದಣ್ಣ ಕೈಕಟ್ಟಿ ನಿಂತು, “ಹೌದು ಸ್ವಾಮಿ, ನಾನೇ,” ಎಂದನಂತೆ. ಬೇರೆ ಒಂದೂ ಮಾತಿಲ್ಲ. ಗೇಟಿನ ಪಾಸು ಕಿತ್ತುಕೊಂಡು ಮನೆಗೆ ಕಳಿಸಿದರು. ಕಾವಲುಗಾರನನ್ನು ಬೇರೆಲ್ಲಿಗೋ ಹಾಕಿದರು. ಬಣ್ಣದ ತಂಡದವರು ಮಿಲ್ಲಿ ಎದುರಿಗೆ ಬಂದರೆ ಮುಖ ತಿರುಗಿಸಿ ಹೋಗುತ್ತಿದ್ದರು. ಒಬ್ಬ ಮಾತ್ರ ಎದುರಿಗೇ ಆಡಿದ: “ಹೆಂಡ್ತಿ ಸಾಯುವಾಗ ನೀರು ಹಿಡ್ಕೊಂಡು ನಿಂತವನನ್ನೇ ತಿಂದೆಯಲ್ಲಪ್ಪ.” ಕಾಫಿ ಹಿಡ್ಕೊಂಡು ಬಂದದ್ದು, ನೀರಲ್ಲ, ಎಂದು ಮಿಲ್ಲಿ ಮನಸ್ಸಿನಲ್ಲಿ ತಿದ್ದಿಕೊಂಡನೇನೋ, ಆ ಪುಣ್ಯಾತ್ಮನನ್ನು ನಂಬುವ ಹಾಗಿಲ್ಲ.

ಎರಡು ಸಲ ಅವನು ಬಣ್ಣದಣ್ಣನ ಮನೆಗೆ ಹೋದ. ಎರಡು ಸಲವೂ ಅತ್ತಿಗೆ ಬಾಗಿಲು ಅರ್ಧ ತೆರೆದು, “ಮಲಗಿದ್ದಾರೆ,” ಎಂದಳು. ಸಂಜೆ ಐದು ಗಂಟೆಗೆ ಯಾರು ಮಲಗುತ್ತಾರೆ. ಕಲ್ಲುಕಟ್ಟೆಯ ಮೇಲೆ ಒಬ್ಬನೇ ಉಣ್ಣುವಾಗ ಪಕ್ಕದ ಜಾಗ ಖಾಲಿ ಇರುತ್ತಿತ್ತು. ಮನೆಯಲ್ಲಿ ಮಾತಿಲ್ಲ, ಕೆಲಸದಲ್ಲಿ ಮಾತಿಲ್ಲ. ಹೆಂಡತಿ ಹೋದದ್ದಕ್ಕೆ ಅಳುವುದಕ್ಕೂ ಒಬ್ಬ ಗೆಳೆಯ ಬೇಕು. ಆ ಗೆಳೆಯನನ್ನು ಅವನೇ ಕೈಯಾರೆ ಕಳೆದುಕೊಂಡಿದ್ದ. ಆ ಬಾಗಿಲು ಇನ್ನೊಮ್ಮೆ ಪೂರ್ತಿ ತೆರೆಯಬೇಕು ಎನ್ನುವುದೊಂದೇ ಅವನಿಗೆ ಬೇಕಾಗಿದ್ದದ್ದು.

ಹಡಗಿನ ಒಲೆಗೆ ಅವಸರದಲ್ಲಿ ಹೊಸ ಲೇಪ ಹಾಕಿದರು. ಮಾಲು ಸಾಲದೆ, ಆ ಏಳು ಪಾಯಿಂಟ್ ನಾಲ್ಕರ ಮೂಲೆಯೊಂದು ಹಾಗೇ ಉಳಿಯಿತು. ಆ ಮೂಲೆಯ ಮೇಲಿನ ಗೂಡಿನಿಂದ ಹಾರಿಸಬಾರದು ಎಂದು ಬರೆದು ಕೊಟ್ಟು ಹಡಗನ್ನು ಬಿಟ್ಟರು. ಸಮುದ್ರದ ಮೇಲೆ ಏನಾಯಿತೋ, ಯಾರು ಕಾಗದ ಓದಿದರೋ ಬಿಟ್ಟರೋ, ಆರು ತಿಂಗಳ ಮೇಲೆ ಹಡಗು ತಿರುಗಿ ಬಂದಾಗ ಖಾಲಿಯಾಗಿದ್ದದ್ದು ಅದೇ ಗೂಡು.

ಸುದ್ದಿ ಕೇಳಿದ ಮಿಲ್ಲಿ ಗೇಜು ಎತ್ತಿಕೊಂಡು ಓಡಿದ. ತೆವಳಿ ಒಳಗೆ ಹೋದವನು ಬಿಳಿ ಬೂದಿ ಒರೆಸುವುದನ್ನೂ ಮರೆತು ನೇರ ಆ ಮೂಲೆಗೆ ಹೋದ. ಬಣ್ಣದಣ್ಣ ಉಜ್ಜಿದ್ದ ಗೋಡೆ ಈಗ ಮತ್ತೆ ಕರಿ ಕಟ್ಟಿತ್ತು. ಗೇಜು ಚುಚ್ಚಿದ. ನಾಲ್ಕು ಪಾಯಿಂಟ್ ಆರು. ನಂಬಿಕೆ ಬರಲಿಲ್ಲ, ಮತ್ತೆ ಚುಚ್ಚಿದ, ಗೇಜು ಬದಲಿಸಿ ಚುಚ್ಚಿದ. ನಾಲ್ಕು ಪಾಯಿಂಟ್ ಆರೇ. ಬೆಂಕಿಯ ನೇರ ಹೊಡೆತ ತಿಂದ ಮೇಲೂ ಉಕ್ಕಿಗೆ ಏನೂ ಆಗಿರಲಿಲ್ಲ. ಎಲ್ಲಕ್ಕಿಂತ ತೆಳ್ಳಗಿದ್ದ ಮೂಲೆಯೇ ತಡೆದಿದೆ ಎಂದರೆ ಉಳಿದ ಗೋಡೆ ತಡೆಯದೆ ಇರುತ್ತಿತ್ತೇ? ಒಂಬತ್ತರ ಆ ಗೆರೆಯನ್ನು ಹಾಕಿದವರು ಎರಡರಷ್ಟು ಭಯಪಟ್ಟು ಹಾಕಿದ್ದರು. ಬಣ್ಣದಣ್ಣನ ತಪ್ಪಿನಿಂದ ಯಾರೂ ಸಾಯುತ್ತಿರಲಿಲ್ಲ.

ಅಂಗಾತ ಮಲಗಿದಲ್ಲೇ ಮಿಲ್ಲಿಗೆ ಅಳು ಬಂತು. ಅಳುತ್ತಲೇ ಒಂದು ಆಸೆ ಹುಟ್ಟಿತು. ಇದನ್ನು ಹೋಗಿ ಹೇಳಬೇಕು. ಅವನ ಎದೆಯ ಭಾರ ಇಳಿಯುತ್ತದೆ. ಬೈಯಲಿ, ಹೊಡೆಯಲಿ, ಆದರೆ ಬಾಗಿಲು ತೆರೆಯುತ್ತದೆ. ಜೀವನದಲ್ಲಿ ಮೊದಲ ಸಲ ಅವನ ಕೈಯಲ್ಲಿ ಒಬ್ಬರಿಗೆ ಕೊಡಬಹುದಾದಂಥ ಒಂದು ಒಳ್ಳೆಯ ಅಳತೆ ಇತ್ತು.

ಸಂಜೆ ಮಸಿ ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು ಹೋದ. ಅತ್ತಿಗೆ ‘ಮಲಗಿದ್ದಾರೆ’ ಎನ್ನುವ ಮೊದಲೇ, “ಒಳ್ಳೇ ಸುದ್ದಿ ಇದೆ ಅತ್ತಿಗೆ,” ಎಂದ. ಅವಳು ದಾರಿ ಬಿಟ್ಟಳು. ಬಣ್ಣದಣ್ಣ ಹಿತ್ತಲಿನಲ್ಲಿ ಯಾರದ್ದೋ ಮನೆಯ ಕಿಟಕಿ ಚೌಕಟ್ಟಿಗೆ ಉಪ್ಪುಕಾಗದ ಹಾಕಿ ಉಜ್ಜುತ್ತಿದ್ದ. ತುಂಬ ಇಳಿದುಹೋಗಿದ್ದ. ಮಿಲ್ಲಿಯನ್ನು ನೋಡಿ ಕೈ ನಿಲ್ಲಿಸಿ, ಪಕ್ಕದ ಮಣೆಯನ್ನು ಕಾಲಿನಿಂದ ಸರಿಸಿದ. ಕೂತ್ಕೋ ಎಂದ ಹಾಗೆ. ಅಷ್ಟಕ್ಕೇ ಮಿಲ್ಲಿಯ ಕಣ್ಣು ತುಂಬಿತು.

“ಊಟ ಸರಿಯಾಗಿ ಮಾಡ್ತಿದ್ದೀಯೇನೋ? ಒಣಗಿ ಕಡ್ಡಿ ಆಗಿದ್ದೀಯ,” ಎಂದ ಬಣ್ಣದಣ್ಣ.

“ಮಾಡ್ತಿದ್ದೀನಣ್ಣ.”

“ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ತಿಳ್ಕೋ. ಮೊದಮೊದಲು ಇತ್ತು. ಆಮೇಲೆ ಕೂತು ಯೋಚನೆ ಮಾಡಿದೆ. ಗೋಡೆ ಆಚೆ ಇಪ್ಪತ್ತು ಜನ ಮಲಗಿರ್ತಾರೆ ಅಂದಿದ್ದೆಯಲ್ಲ ನೀನು. ನೀನು ಬಾಯಿ ಬಿಡದೇ ಇದ್ದಿದ್ರೆ ಅಷ್ಟೂ ಜನ ನನ್ನ ಕೈಯಲ್ಲಿ ಹೋಗ್ತಿದ್ರು. ಕೆಲಸ ಹೋದ್ರೆ ಹೋಯ್ತು, ಇಪ್ಪತ್ತು ಜೀವ ಉಳೀತು ಅಂದ್ಕೊಂಡು ದಿನ ದೂಡ್ತಾ ಇದ್ದೀನಿ. ಇನ್ನೊಂದು ವಾರ ನೋಡಿ ನಾನೇ ನಿನ್ನ ಮನೆಗೆ ಬರೋಣ ಅಂತಿದ್ದೆ.” ಅವನು ಅಂಗೈಯ ಪುಡಿ ಊದಿದ. “ಅದಿರ್ಲಿ, ಏನೋ ಒಳ್ಳೇ ಸುದ್ದಿ ಅಂದ್ಯಲ್ಲ?”

ಮಿಲ್ಲಿಗೆ ಇಲ್ಲಿ ಅರ್ಥವಾಗಬೇಕಿತ್ತು. ಯಾವ ದಡ್ಡನಿಗಾದರೂ ಅರ್ಥವಾಗುತ್ತಿತ್ತು. ‘ಏನಿಲ್ಲಣ್ಣ, ಸುಮ್ನೆ ಬಂದೆ’ ಎಂದು ಒಂದು ಮಾತು ಹೇಳಿ ಕಾಫಿ ಕುಡಿದು ಎದ್ದಿದ್ದರೆ ಮರುದಿನ ಆ ಬಾಗಿಲು ತಾನಾಗಿಯೇ ತೆರೆದಿರುತ್ತಿತ್ತು. ಆದರೆ ಅವನು ಬೆಳಗಿನಿಂದ ಆ ಸಂಖ್ಯೆಯನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದ.

“ನೀನು ಉಜ್ಜಿದ ಮೂಲೆ ಹಾಗೇ ಉಳಿದಿತ್ತಣ್ಣ. ಅದರ ಮೇಲಿನ ಗೂಡಿನಿಂದಲೇ ಹಾರಿಸಿದ್ದಾರೆ. ತಡೆದಿದೆ. ಇನ್ನೂ ನಾಲ್ಕು ಪಾಯಿಂಟ್ ಆರು ಉಳಿದಿದೆ. ನಿನ್ನಿಂದ ಯಾರಿಗೂ ಏನೂ ಆಗ್ತಿರಲಿಲ್ಲ.”

ಒಳಗಿನಿಂದ ಅತ್ತಿಗೆ ಲೋಟ ಜೋಡಿಸುವ ಸದ್ದು ಕೇಳುತ್ತಿತ್ತು.

“ಅಂದ್ರೆ ಯಾರೂ ಸಾಯ್ತಿರಲಿಲ್ಲ,” ಎಂದ ಬಣ್ಣದಣ್ಣ.

“ಇಲ್ಲಣ್ಣ.”

“ಅಂದ್ರೆ ನನ್ನ ಸುಮ್ನೆ ಕಳಿಸಿದ್ರು.”

ಈಗ ಮಿಲ್ಲಿಗೆ ಅರ್ಥವಾಯಿತು. ಹೇಳಲು ಅವನ ಹತ್ತಿರ ಬೇರೆ ಅಳತೆ ಇರಲಿಲ್ಲ.

ಬಣ್ಣದಣ್ಣ ಉಪ್ಪುಕಾಗದದ ತುಂಡನ್ನು ಮಡಚಿ, ಮತ್ತೆ ಮಡಚಿ, ಕಿಟಕಿ ಚೌಕಟ್ಟಿನ ಮೇಲೆ ಇಟ್ಟ. “ಆರು ತಿಂಗಳು ಉರಿದು ಉರಿದು ಎದೆ ಮೇಲೆ ಒಂಚೂರು ಕರಿ ಕಟ್ಟಿತ್ತು ಕಣೋ ಮಿಲ್ಲಿ,” ಎಂದ, ದನಿ ಎತ್ತದೆ. “ಅದನ್ನೂ ಬಂದು ಉಜ್ಜಿಬಿಟ್ಟೆ.”

ಅತ್ತಿಗೆ ಎರಡು ಲೋಟ ಕಾಫಿ ತಂದಳು. ಅಷ್ಟರಲ್ಲಿ ಬಣ್ಣದಣ್ಣ ಎದ್ದು ಒಳಗೆ ಹೋಗಿ ಮಲಗಿದ್ದ. ಮಿಲ್ಲಿ ಒಂದು ಲೋಟ ಕುಡಿದು, ಇನ್ನೊಂದು ಆರುವ ತನಕ ಅಲ್ಲೇ ಕೂತಿದ್ದು, ಆಮೇಲೆ ಎದ್ದು ಮನೆಗೆ ಹೋದ.